ಮುಂದಿನ ಪೆಟ್ಟಿಗೆ

"ಅಪ್ಪ ಓಗ್ಬುಟ್ರು ಸಾ" ಎಂದು ಅವರ ಮಗಳು ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಹೊರಬಿದ್ದದ್ದು ಒಂದೇ ಮಾತು: "ಯಾವ ಕಡೆಯಿಂದ ಬಂತಮ್ಮಾ?"

ಆಕೆಗೆ ಅರ್ಥವಾಗಲಿಲ್ಲ. "ಏನ್ ಬಂತು ಸಾ? ನಾಕ್ ದಿನದಿಂದ ಜರ ಇತ್ತು. ನೆನ್ನೆ ಮದ್ಯಾನ ಗಂಜಿ ಕುಡ್ದು ಮನಗುದ್ರು, ಏಳ್ನೇ ಇಲ್ಲ" ಎಂದಳು. ನಾನು ಸೋಲ್ಡರಿಂಗ್ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಸಿದೆ. ಜ್ವರ ಬಂದು ಹೋದರು, ಮನೆಯಲ್ಲೇ ಹೋದರು. ಸಾವಿನ ಸುದ್ದಿ ಕೇಳಿ 'ಅಬ್ಬಾ' ಎಂದು ಉಸಿರು ಬಿಟ್ಟವನು ಕೊಳ್ಳೇಗಾಲದಲ್ಲಿ ನಾನೊಬ್ಬನೇ ಇರಬೇಕು. ಅಳು ಆಮೇಲೆ ಬಂತು.

ಅವರ ಹೆಸರು ಬರೆಯುವುದಿಲ್ಲ. ಕಾಡಿನಲ್ಲಿ ಯಾರನ್ನೂ ಹೆಸರು ಹಿಡಿದು ಕೂಗಬಾರದು ಎನ್ನುವುದು ಅವರ ಕಟ್ಟುನಿಟ್ಟು. ನಾಲಿಗೆಯಲ್ಲಿ 'ಟಕ್' ಎಂದರೆ ನಿಲ್ಲಬೇಕು, ಎರಡು ಸಲ ಎಂದರೆ ಕೂರಬೇಕು. ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನಲ್ಲಿ, ಅಂದರೆ ಕಾಡಿನೊಳಗಿನ ಅವರ ಜನರ ಹಟ್ಟಿಯಲ್ಲಿ ಹುಟ್ಟಿದವರು. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ರಾಮಾಪುರದ ಕಡೆ ಬಂದು, ಅಲ್ಲೇ ಕಾಡಂಚಿನಲ್ಲಿ ಮನೆ ಕಟ್ಟಿಕೊಂಡರು. ನಾನು ಅವರನ್ನು 'ವಾಚರಣ್ಣ' ಎನ್ನುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು 'ಸಾ' ಎನ್ನುವುದು ಬಿಡಲಿಲ್ಲ.

ನಾನು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟೀವಿ, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಈಗ ಮಿಕ್ಸಿಯೇ ಹೆಚ್ಚು, ಬಿಡಿ. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ನಾನು ಪುಕ್ಕಲ. ಜಿರಳೆ ಕಂಡರೆ ಮೇಜು ಹತ್ತುವ ಗಂಡನನ್ನು ಕಟ್ಟಿಕೊಂಡೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ಆದರೆ ಜಿರಳೆಗೆ ಹೆದರಿದರೆ ಯಾರಿಗೂ ನಷ್ಟವಿಲ್ಲ. ನಾನು ಹೆದರಬಾರದ ಕಡೆಯೂ ಹೆದರಿದವನು.

ಒಂದು ದಿನ ಅವರು ಕಂಬಳಿಯಲ್ಲಿ ಕೂಸನ್ನು ಸುತ್ತಿದ ಹಾಗೆ ಏನನ್ನೋ ಸುತ್ತಿ ಎದೆಗೆ ಅವುಚಿಕೊಂಡು ಅಂಗಡಿಗೆ ಬಂದರು. ಬಿಚ್ಚಿದರೆ ಒಳ್ಳೆಯ ವಿದೇಶಿ ಪವರ್ ಆಂಪ್ಲಿಫೈಯರ್. ಬೆಟ್ಟದ ಮೇಲಿನ ಕಾಫಿ ಎಸ್ಟೇಟಿನ ಯಜಮಾನರೊಬ್ಬರು ಬಂಗಲೆ ಖಾಲಿ ಮಾಡಿಕೊಂಡು ಹೋಗುವಾಗ, ಇಷ್ಟೆತ್ತರದ ಎರಡು ಸ್ಪೀಕರ್ ಜೊತೆಗೆ ಇದನ್ನೂ ಕೊಟ್ಟು ಹೋಗಿದ್ದರಂತೆ. ಇದರ ಜೊತೆಗಿರಬೇಕಾದ ಪ್ರೀ-ಆಂಪ್ಲಿಫೈಯರ್ ಮಾತ್ರ ಇರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅದನ್ನು ಮೊದಲೇ ಯಳಂದೂರಿನ ತಮ್ಮ ಮನೆಗೆ ಸಾಗಿಸಿದ್ದರು.

"ಸಾ, ಇದ್ಕೆ ಮುಂದಿನ್ ಪೆಟ್ಗೆ ಬೇಕಾ, ಬ್ಯಾಡ್ವಾ?" ಎಂದರು. ಪ್ರೀ-ಆಂಪ್ಲಿಫೈಯರಿಗೆ ಅವರು ಇಟ್ಟ ಹೆಸರು ಅದು. ಇಂಥ ಹೆಸರು ನನಗೆ ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಹಾಡಿನ ಸಣ್ಣ ಸದ್ದನ್ನು ಮೊದಲು ಕೈಗೆ ತೆಗೆದುಕೊಂಡು, ಎಷ್ಟು ಬೇಕು, ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಹದ ಮಾಡಿ ಹಿಂದಿನ ದೊಡ್ಡ ಪೆಟ್ಟಿಗೆಗೆ ಕೊಡುವುದೇ ಅದರ ಕೆಲಸ.

"ಬೇಡ" ಎಂದೆ. "ಮನೆಯಲ್ಲಿ ಕೇಳೋಕೆ ಅದು ಯಾತಕ್ಕೆ? ಫೋನಲ್ಲೇ ಸೌಂಡ್ ಜಾಸ್ತಿ ಕಮ್ಮಿ ಮಾಡಬಹುದು. ಫೋನಿಂದ ನೇರ ಇದಕ್ಕೊಂದು ವೈರು, ಮುಗೀತು. ನಡುವೆ ಇನ್ನೊಂದು ಪೆಟ್ಟಿಗೆ ಇಟ್ಟರೆ ಅದರ ಗೊರಗೊರ ಸದ್ದೂ ಸೇರಿಕೊಳ್ಳುತ್ತೆ."

ಅವರು ಒಪ್ಪಲಿಲ್ಲ. "ನಾವ್ ಕಾಡಲ್ಲಿ ಮೂರ್ ಜನ ನಡೀತೀವಿ ಸಾ. ಇಂದೆ ಬರೋನು ಅಕ್ಕಿ, ಪಾತ್ರೆ ಎಲ್ಲಾ ಒತ್ಕಂಡಿರ್ತಾನೆ. ಮುಂದೆ ನಡ್ಯೋನು ಏನೂ ಒರಕಿಲ್ಲ. ಅವ್ನು ಕೇಳ್ತಾನೆ, ಅಷ್ಟೇಯ. ಒರೋನ್ನೇ ಮುಂದಕ್ ಬುಟ್ರೆ ಮೂರ್ ಜನಾನೂ ಓಯ್ತೀವಿ."

"ಅದು ಕಾಡು ಅಣ್ಣಾ, ಇದು ಹಾಡು."

"ಎರಡೂವೆ ಕಿವೀದೇ ಕೆಲ್ಸ ಅಲ್ವಾ?"

ಈ ಜಗಳ ಎರಡು ವರ್ಷ ನಡೆಯಿತು. ಹನೂರಿಗೋ ಕೊಳ್ಳೇಗಾಲಕ್ಕೋ ಕೆಲಸದ ಮೇಲೆ ಬಂದಾಗೆಲ್ಲ ಅಂಗಡಿ ಮೆಟ್ಟಿಲ ಮೇಲೆ ನಿಂತು, ಒಳಗೂ ಬರದೆ, "ಬೇಕಾ, ಬ್ಯಾಡ್ವಾ?" ಎನ್ನುವರು. ನಾನು "ಬೇಡ" ಎನ್ನಬೇಕು. ಆಮೇಲೆ ಒಳಗೆ ಬಂದು ಕೂರುವರು. ಒಮ್ಮೆ ಫೋನನ್ನು ಪೂರ್ತಿ ಸೌಂಡಿನಲ್ಲಿ ಇಟ್ಟು ಮರೆತು ವೈರು ಚುಚ್ಚಿದ್ದಾರೆ, ಅಷ್ಟರಲ್ಲಿ ಯಾರದೋ ಕರೆ ಬಂದಿದೆ. ಆ ರಿಂಗ್‌ಟೋನಿಗೆ ಕೋಳಿಗಳೆಲ್ಲ ಅಟ್ಟ ಹತ್ತಿ, ಅವರ ಹೆಂಡತಿ ಸಾರಿನ ಮಡಕೆ ಕೈಬಿಟ್ಟು, ಎರಡು ದಿನ ಗಂಡನ ಹತ್ತಿರ ಮಾತು ಬಿಟ್ಟರಂತೆ. "ಮುಂದಿನ್ ಪೆಟ್ಗೆ ಇದ್ದಿದ್ರೆ ಇಂಗಾಯ್ತಿತ್ತಾ ಸಾ?" ಎಂದು ನನ್ನ ಮೇಲೆಯೇ ತಪ್ಪು ಹೊರಿಸಿದರು.

ಅವರು ಕೇಳುತ್ತಿದ್ದದ್ದು ಒಂದೇ ಕಛೇರಿ, ಎಸ್ಟೇಟಿನ ಯಜಮಾನರು ಮೆಮೊರಿ ಕಾರ್ಡಿಗೆ ಹಾಕಿಕೊಟ್ಟಿದ್ದ ಕೊಳಲಿನದು. ರಾಗದ ಹೆಸರು ಅವರಿಗೆ ಗೊತ್ತಿರಲಿಲ್ಲ, ನನ್ನನ್ನು ಕೇಳಲೂ ಇಲ್ಲ. ಅವರಿಗೆ ಬೇಕಾದದ್ದು ಯಾರು ಎಲ್ಲಿ ಕೂತಿದ್ದಾರೆ ಎನ್ನುವುದು. "ಎಡಕ್ಕೆ ಪಿಟೀಲು, ಬಲಕ್ಕೆ ಮುರುದಂಗ, ನಡೂಕೆ ಕೊಳಲು. ಕಣ್ ಮುಚ್ಕಂಡ್ರೆ ಮೂರ್ ಜನಾನೂ ನಮ್ಮನೇಗ್ ಬಂದು ಕೂತವ್ರೆ ಸಾ! ಕಾಪಿ ಕೊಡ್ನಿಲ್ವಲ್ಲ ಅನ್ನುಸ್ತದೆ." ಸೋಫಾ ಮೇಲೆ ಒರಗಿ ಸ್ಟೀರಿಯೋ ಎಂದು ಮಾತಾಡುವ ಎಷ್ಟೋ ದೊಡ್ಡ ಮನುಷ್ಯರ ಮನೆಗೆ ನಾನು ಹೋಗಿದ್ದೇನೆ. ಸ್ಟೀರಿಯೋ ಅಂದರೆ ಏನೆಂದು ಇಷ್ಟು ಚೆನ್ನಾಗಿ ಹೇಳಿದವರು ಇವರೊಬ್ಬರೇ.

ಕಿವಿಯೇ ಅವರ ಬದುಕು. ಬೀಟಿಗೆ, ಅಂದರೆ ಕಾಡಿನ ಗಸ್ತಿಗೆ ಹೋಗುವಾಗ ಅವರು ಮುಂದೆ, ಇಬ್ಬರು ಕಿರಿಯ ವಾಚರುಗಳು ಹಿಂದೆ. ಬಿದಿರು ಮುರಿದ ಸದ್ದು ಕೇಳಿಯೇ ಆನೆ ಎಷ್ಟು ದೂರ, ಯಾವ ಕಡೆ, ಒಂಟಿಯೋ ಹಿಂಡೋ ಎಂದು ಹೇಳುವರು. ಅವರ ಜೊತೆಯ ಹಿರಿಯ ವಾಚರೊಬ್ಬರಿಗೆ ಕಣ್ಣು ಮಂಜಾದಾಗ ಅವರನ್ನು ನರ್ಸರಿಯಲ್ಲಿ ಸಸಿಗೆ ನೀರು ಹಾಕಲು ಹಾಕಿದ್ದರು. ಆ ಮಾತು ಬಂದರೆ ಇವರ ಮುಖ ಬಾಡುತ್ತಿತ್ತು. "ನನ್ಗೇನಾರ ಅಂಗಾದ್ರೆ ಬದುಕಕಿಲ್ಲ ಸಾ ನಾನು" ಎನ್ನುವರು. ಒಮ್ಮೆ ಕೌದಳ್ಳಿ ಹತ್ತಿರ ಜೋಳದ ಹೊಲಕ್ಕೆ ನುಗ್ಗಿದ ಆನೆ ಓಡಿಸುವಾಗ ಪಟಾಕಿ ಎಡಗಿವಿಯ ಪಕ್ಕದಲ್ಲೇ ಸಿಡಿದದ್ದನ್ನು ನಕ್ಕು ನಕ್ಕು ಹೇಳಿದ್ದರು. "ವಾರವೆಲ್ಲಾ ಕಿವೀಲಿ ಜೀರುಂಡೆ ಕೂಗ್ತಿತ್ತು ಕಣ್ಸಾ!" ನಾನೂ ನಕ್ಕಿದ್ದೆ.

ಅದಾಗಿ ಒಂದು ವರ್ಷಕ್ಕೆ ಬಂದು ಮೆಟ್ಟಿಲ ಮೇಲೆ ನಿಂತರು. ಬೇಕಾ ಬೇಡ್ವಾ ಎನ್ನಲಿಲ್ಲ. "ಸಾ, ಪಿಟೀಲಿನವ್ರು ಇಂದಕ್ ಓಯ್ತಾವ್ರೆ" ಎಂದರು.

"ಎಲ್ಲಿಗೆ?"

"ಅದೇ ಗೊತ್ತಾಯ್ತಿಲ್ಲ. ಮೊದ್ಲು ಕೈಗ್ ಸಿಗಂಗೆ ಕೂತಿದ್ರು. ಆಮೇಕೆ ಗೋಡೆ ತಾವ್ಕೆ ಓದ್ರು. ಈಗ ಗೋಡೆ ಆಚ್ಗೆ ಕೂತು ಬಾರುಸ್ದಂಗದೆ. ಎಡಗಡೆ ಪೆಟ್ಗೇಲಿ ಏನೋ ಆಗದೆ, ಬಂದು ನೋಡಿ."

ಹೋದೆ. ಹನೂರಿನಲ್ಲಿ ಬಸ್ಸು ಬದಲಿಸಿ, ರಾಮಾಪುರದ ಆಚೆ ಒಂದು ಮೋರಿ ಹತ್ತಿರ ಇಳಿದು, ಲಂಟಾನ ಪೊದೆಗಳ ನಡುವೆ ಒಂದೂವರೆ ಮೈಲಿ ಕಾಲುದಾರಿ. ಅವರು ಮುಂದೆ, ನಾನು ಅವರ ಅಂಗಿಯ ಚುಂಗು ಹಿಡಿದುಕೊಂಡು ಹಿಂದೆ. ನಗುವವರು ನಗಲಿ.

ಮನೆಯಲ್ಲಿ ಮೀಟರ್ ಹಚ್ಚಿ ನೋಡಿದೆ. ಎಡಬಲ ಎರಡೂ ಸಮ. ಕಛೇರಿ ಹಾಕಿಸಿ ನಾನೇ ಕೂತು ಕೇಳಿದೆ. ಪಿಟೀಲು ಕೈಗೆ ಸಿಗುವ ಹಾಗೆ ಕೂತಿತ್ತು, ಎಲ್ಲಿಗೂ ಹೋಗಿರಲಿಲ್ಲ. ನನಗೊಂದು ಅನುಮಾನ ಬಂತು. ಆಗ ಹೇಳಬಾರದ ಒಂದು ಮಾತು ಹೇಳಿದೆ: "ಅಣ್ಣಾ, ಒಂದು ಸಲ ತಿರುಗಿ ಕೂತ್ಕೊಳಿ. ಸ್ಪೀಕರಿಗೆ ಬೆನ್ನು ಹಾಕಿ."

ತಿರುಗಿ ಕೂತರು. ಈಗ ಪಿಟೀಲಿನ ಪೆಟ್ಟಿಗೆ ಅವರ ಬಲಕ್ಕೆ. ಪೆಟ್ಟಿಗೆಯಲ್ಲಿ ದೋಷವಿದ್ದರೆ ಈಗಲೂ ಪಿಟೀಲೇ ಸಣ್ಣಗೆ ಕೇಳಬೇಕು. ಅವರ ಮುಖ ಅರಳಿತು. "ಬಂದ್ರು ಸಾ! ಪಿಟೀಲಿನವ್ರು ಬಂದ್ರು! ತಂತಿ ಏನೋ ಅಲ್ಲಾಡುಸ್ಬುಟ್ರಿ ನೀವು." ಮತ್ತೆ ಕಿವಿಗೊಟ್ಟು ಕೇಳಿ, "ಆದ್ರೆ ಈಗ ಮುರುದಂಗದವ್ನು ಓಗ್ಬುಟ್ಟವ್ನಲ್ಲ" ಎಂದರು.

ದೋಷ ಪೆಟ್ಟಿಗೆಯದಲ್ಲ. ಅವರ ಎಡಗಿವಿ ಹೋಗುತ್ತಿತ್ತು. ಈ ಮನುಷ್ಯ ಬೆಳಗಾದರೆ ಇಬ್ಬರನ್ನು ಹಿಂದೆ ಕರೆದುಕೊಂಡು ಆನೆ ಇರುವ ಕಾಡಿಗೆ ಹೋಗುತ್ತಾರೆ, ಮುಂದೆ ನಡೆಯುತ್ತಾರೆ. ನಾನು ಮೀಟರಿನ ವೈರು ಸುತ್ತತೊಡಗಿದೆ. "ಏನ್ಸಾ? ಏನಾಯ್ತು?" ಎಂದು ಅವರು ನನ್ನನ್ನೇ ನೋಡಿದರು. ಒಲೆಯ ಹತ್ತಿರದಿಂದ ಅವರ ಹೆಂಡತಿಯೂ ನೋಡಿದರು. 'ಬದುಕಕಿಲ್ಲ ಸಾ ನಾನು' ಎಂದಿದ್ದರಲ್ಲ, ಅದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

"ಏನಿಲ್ಲಣ್ಣ" ಎಂದೆ. "ನೀವು ಹೇಳಿದ್ದೇ ಸರಿ. ಮುಂದಿನ ಪೆಟ್ಟಿಗೆ ಬೇಕು."

ಅಯ್ಯೋ, ಅವರ ಸಂಭ್ರಮ ನೋಡಬೇಕಿತ್ತು! ಎರಡು ವರ್ಷದ ಜಗಳ ಗೆದ್ದಿದ್ದರು. "ನೋಡ್ದಾ, ಸಾರೇ ಒಪ್ಕಂಡ್ರು!" ಎಂದು ಹೆಂಡತಿಗೆ ಹೇಳಿ, ನನ್ನ ಬೆನ್ನು ತಟ್ಟಿ, ಜೇನುತುಪ್ಪ ಕೊಟ್ಟು ಕಳಿಸಿದರು. ಆ ಜೇನುತುಪ್ಪವನ್ನು ನನ್ನ ಮನೆಯಲ್ಲಿ ಎಲ್ಲರೂ ತಿಂದರು. ನಾನು ಮುಟ್ಟಲಿಲ್ಲ.

ಮುಂದಿನ ಭಾನುವಾರ ಇಬ್ಬರೂ ಯಳಂದೂರಿಗೆ ಹೋದೆವು. ರೈಟರು ತೀರಿಕೊಂಡಿದ್ದರು, ಅವರ ಸೊಸೆ ಇದ್ದರು. ಆ ಪೆಟ್ಟಿಗೆ ಏನೆಂದು ಯಾರಿಗೂ ಗೊತ್ತಿಲ್ಲದೆ ಹೊಲಿಗೆ ಮಿಷನ್ನಿನ ಒಂದು ಕಾಲಿನ ಕೆಳಗೆ ಒತ್ತು ಕೊಟ್ಟಿದ್ದರು. "ತಕಂಡೋಗಿ, ಬದಲಿಗೆ ಒಂದ್ ಇಟ್ಗೆ ಇಟ್ಟೋಗಿ" ಎಂದರು. ಇವರು ಬೀದಿಯೆಲ್ಲ ಹುಡುಕಿ ಸರಿಯಾದ ಎತ್ತರದ ಇಟ್ಟಿಗೆ ತಂದು, ಮಿಷನ್ನು ಅಲ್ಲಾಡುವುದಿಲ್ಲ ಎಂದು ಮೂರು ಸಲ ಒತ್ತಿ ನೋಡಿಯೇ ಹೊರಟರು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಅವರ ಎಡಕ್ಕೆ ಕೂತಿದ್ದೆ. ಎರಡು ಸಲ "ವಾಚರಣ್ಣ, ಒಂದು ಮಾತು" ಎಂದೆ. ಅವರಿಗೆ ಕೇಳಲಿಲ್ಲ. ಎದ್ದು ಬಲಕ್ಕೆ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಪೆಟ್ಟಿಗೆಯನ್ನು ವಾರವಿಡೀ ಬಿಚ್ಚಿ ಒರೆಸಿ, ಒಣಗಿದ ಕೆಪಾಸಿಟರ್ ಬದಲಿಸಿ, ಅವರ ಮನೆಗೆ ಒಯ್ದು ಕೂರಿಸಿದೆ. ಅದರ ಮುಖದ ಮೇಲೆ ಬ್ಯಾಲೆನ್ಸ್ ಎನ್ನುವ ಒಂದು ಗುಂಡಿ, ಎಡಕ್ಕೆ ತಿರುಗಿಸಿದರೆ ಎಡಗಡೆ ಜೋರು. ಅವರು ಕಣ್ಣು ಮುಚ್ಚಿ ಕೂತರು. ನಾನು ಗುಂಡಿಯನ್ನು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸಿದೆ. ನನಗೆ ಮೃದಂಗ ಪೂರಾ ಅಡಗಿಹೋದಾಗ ಅವರು ಕೈ ಎತ್ತಿ, "ಬಂದ್ರು. ಮೂರ್ ಜನಾನೂ ಬಂದ್ರು" ಎಂದರು. ಕಣ್ಣಲ್ಲಿ ನೀರಿತ್ತು. ನಾನು ಮಾಡಿದ ರಿಪೇರಿಗಳಲ್ಲಿ ಅಷ್ಟು ಹೀನಾಯವಾದದ್ದು ಇನ್ನೊಂದಿಲ್ಲ.

ಸಂಜೆ ಐದರ ಹೊತ್ತಿಗೆ ನನ್ನನ್ನು ಬಸ್ಸಿಗೆ ಬಿಡಲು ಹೊರಟರು. ಅದೇ ಕಾಲುದಾರಿ. ಅರ್ಧ ದಾರಿಯಲ್ಲಿ ಒಂದು ಟೊಂಗೆ ಮುರಿದ ಸದ್ದು, ನಮ್ಮ ಎಡಕ್ಕೆ, ತೀರ ಹತ್ತಿರ. ಅವರು ನಾಲಿಗೆಯಲ್ಲಿ 'ಟಕ್' ಎಂದರು. ನಿಂತೆ. ಅವರು ತಲೆ ಓರೆ ಮಾಡಿ ಕೇಳಿ, ಬಲಕ್ಕೆ ನೋಡಿ, ಬಲಗಡೆಯ ಪೊದೆ ತೋರಿಸಿ, ನನ್ನ ಮಣಿಕಟ್ಟು ಹಿಡಿದು ಎಡಕ್ಕೆ ಎಳೆದರು.

ಎಡಕ್ಕೆ! ಆ ಕಡೆಯ ಲಂಟಾನದ ಮೇಲೆ ಮೊರದಂಥ ಕಿವಿ ಆಡಿದ್ದು ನನಗೆ ಕಾಣುತ್ತಿತ್ತು. ಕೂಗಲು ಬಾಯಿ ತೆರೆದೆ, ಸ್ವರ ಬರಲಿಲ್ಲ. ನಿಜವಾದ ಹೆದರಿಕೆಯಲ್ಲಿ ಸ್ವರ ಬರುವುದಿಲ್ಲ ಎಂದು ಅಂದು ತಿಳಿಯಿತು. ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದೆ. "ಬನ್ನಿ ಸಾ, ಬನ್ನಿ" ಎಂದು ಪಿಸುಗುಟ್ಟುತ್ತಾ ಅವರು ಇನ್ನೂ ಜೋರಾಗಿ ಎಳೆದರು. ನಾಲ್ಕು ಹೆಜ್ಜೆ ಅದರ ಕಡೆಗೇ ಹೋದೆವು. ಆಮೇಲೆ ಅವರಿಗೆ ವಾಸನೆ ಬಂದಿರಬೇಕು. ಗಕ್ಕನೆ ನಿಂತರು. ನಿಧಾನಕ್ಕೆ ಎಡಕ್ಕೆ ತಿರುಗಿದರು. ಒಂಟಿ ಸಲಗ, ಹತ್ತು ಹನ್ನೆರಡು ಮಾರು ದೂರದಲ್ಲಿ, ನಮ್ಮನ್ನೇ ನೋಡುತ್ತಾ ನಿಂತಿತ್ತು.

ಅವರು ನನ್ನ ಮುಂದೆ ಬಂದು ನಿಂತರು, ಅಷ್ಟೆ. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಾ ತಮ್ಮ ಬೆನ್ನಿನಿಂದಲೇ ನನ್ನನ್ನು ತಳ್ಳಿದರು. ಆ ಬೆನ್ನು ಗಡಗಡ ನಡುಗುತ್ತಿತ್ತು. ಸಲಗ ಒಮ್ಮೆ ಮಣ್ಣು ಒದ್ದು, ಮೂಗಿನಿಂದ ಬುಸ್ ಎಂದು, ಪೊದೆ ನುಗ್ಗಿಕೊಂಡು ಆಚೆ ಹೋಯಿತು. ನನ್ನ ಜೀವ ಬಾಯಿಗೆ ಬಂದದ್ದು ಮತ್ತೆ ಒಳಗೆ ಇಳಿಯಲು ರಸ್ತೆ ಸಿಗಬೇಕಾಯಿತು.

ಮೋರಿಯ ಮೇಲೆ ಕೂತೆವು. ಅವರು, "ಅವತ್ತು ತಿರುಗಿ ಕೂರ್ಸುದ್ರಲ್ಲ ಸಾ. ಆವತ್ತೇ ನಿಮ್ಗೆ ಗೊತ್ತಾಯ್ತು, ಅಲ್ವಾ?" ಎಂದರು.

"ಹೂಂ."

"ನನ್ನಿಂದೆ ಇಬ್ರು ನಡೀತಾರೆ. ಇಬ್ರಿಗೂವೆ ಚಿಕ್ ಮಕ್ಳು."

"ಹೆದರಿಕೆ ಆಯ್ತಣ್ಣ. ನೀವೇನು ಮಾಡ್ಕೋತೀರೋ ಅಂತ..."

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪೆಟ್ಗೆ ಸುಳ್ ಏಳುದ್ರೆ ತಪ್ಪಿಲ್ಲ ಸಾ. ತಿರುಗ್ಸ್ದಂಗೆ ಏಳ್ತದೆ. ನೀವ್ ಏಳ್ಬೋದಾಗಿತ್ತು" ಎಂದರು. ಬಸ್ಸು ಬಂತು. ಕೈ ತೋರಿಸಿ ನಿಲ್ಲಿಸಿ, ನನ್ನನ್ನು ಹತ್ತಿಸಿ, ಕಂಡಕ್ಟರಿಗೆ "ಸಾರ್ನ ಉಸಾರಾಗಿ ಇಳ್ಸಪ್ಪಾ" ಎಂದರು.

ಮಾರನೆಯ ಬೆಳಿಗ್ಗೆ ಅವರೇ ಆಫೀಸಿಗೆ ಹೋಗಿ, "ಇನ್ಮೇಕೆ ನಾನ್ ಮುಂದೆ ನಡ್ಯಕಿಲ್ಲ ಸಾ, ನನ್ ಕಿವಿ ಓಗದೆ" ಎಂದು ಹೇಳಿದರಂತೆ. ಅವರನ್ನು ಬೆಟ್ಟದ ರಸ್ತೆಯ ಗೇಟಿಗೆ ಹಾಕಿದರು. ಬದುಕುವುದಿಲ್ಲ ಎಂದವರು ನಿವೃತ್ತಿಯವರೆಗೆ ಗೇಟಿನ ಬಲಗಡೆಗೆ ಕುರ್ಚಿ ಹಾಕಿಕೊಂಡು, ಬಂದ ಗಾಡಿಯವರಿಗೆಲ್ಲ "ಈ ಕಡೆ ಬಂದು ಮಾತಾಡಿ, ಆ ಕಿವಿ ರಜ" ಎಂದು ಹೇಳಿಕೊಂಡು ಬದುಕಿದರು. ಅಂಗಡಿಗೂ ಬರುತ್ತಿದ್ದರು. ಪೆಟ್ಟಿಗೆಯ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಅವರ ಮನೆಗೆ ಹೋಗುವ ಧೈರ್ಯ ನನಗೆ ಬರಲೇ ಇಲ್ಲ, ಒಂಬತ್ತು ವರ್ಷ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಹೋದೆ. ಅವರ ಹೆಂಡತಿ ಅವರಿಗಿಂತ ಮೊದಲೇ ತೀರಿಕೊಂಡಿದ್ದರು. ಪೋಡಿನಿಂದ ಬಂದ ಜನ ಉಂಡು ಹೊರಗೆ ಕೂತಿದ್ದರು. ಮಗಳು ನನ್ನನ್ನು ಒಳಕ್ಕೆ ಕರೆದು, "ನೋಡಿ ಸಾ, ಅಪ್ಪಾರ ಪೆಟ್ಗೆ" ಎಂದಳು. ನಾನು ಮೊದಲು ನೋಡಿದ್ದು ಆ ಗುಂಡಿಯನ್ನು. ನಾನು ಕಡೆಯವರೆಗೂ ಎಡಕ್ಕೆ ತಿರುಗಿಸಿ ಬಂದಿದ್ದ ಗುಂಡಿ ನೆಟ್ಟಗೆ ನಡುವಿಗೆ ನಿಂತಿತ್ತು. ಅದು ಅಲ್ಲಾಡದಂತೆ, ಕಾಡಿನಲ್ಲಿ ಮರಕ್ಕೆ ನಂಬರು ಬರೆಯುವ ಬಿಳಿ ಬಣ್ಣದ ಒಂದು ತೊಟ್ಟು ಹಾಕಿ ಭದ್ರ ಮಾಡಿದ್ದರು.

"ನೀವ್ ಆನೆ ಕಂಡ್ರಲ್ಲ, ಆವತ್ ಸಂದ್ಯಾಕೇನೇ ಮಾಡುದ್ರು. ಇದೊಂದು ಸುಳ್ ಏಳ್ಬಾರ್ದು ಅಂತ" ಎಂದಳು. ಆಮೇಲೆ ನೆಲ ತೋರಿಸಿದಳು. ಸಿಮೆಂಟು ನೆಲದ ಮೇಲೆ ಅದೇ ಬಿಳಿ ಬಣ್ಣದ ಗೆರೆಗಳು. "ಯುಗಾದಿ ಯುಗಾದಿಗೂ ಮಣೆ ಸರುಸ್ಕಂಡು ಕೂತು ನೋಡೋರು. ಮೂರ್ ಜನಾನೂ ಸರ್ಯಾಗ್ ಕಂಡ ತಾವು ಗೆರೆ ಎಳ್ಯೋರು." ಮೊದಲನೆಯದು ನಡುವಿನಿಂದ ಒಂದು ಮೊಳ ಎಡಕ್ಕೆ. ಆಮೇಲೆ ಇನ್ನೂ ಎಡಕ್ಕೆ, ಇನ್ನೂ ಎಡಕ್ಕೆ. ಒಂಬತ್ತನೆಯ ಗೆರೆ ಎಡಗಡೆ ಸ್ಪೀಕರಿಗೆ ತಾಗಿಕೊಂಡೇ ಇತ್ತು.

ಆಕೆ ಕಛೇರಿ ಹಾಕಿ ಹೊರಗೆ ಹೋದಳು. ಅವರ ಮಣೆಯನ್ನು ಆ ಕೊನೆಯ ಗೆರೆಯ ಮೇಲಿಟ್ಟು ಕೂತೆ. ನನಗೆ ಕಿವಿ ತುಂಬ ಪಿಟೀಲು ಮಾತ್ರ. ಕೊಳಲು ಎಲ್ಲೋ, ಮೃದಂಗ ಇಲ್ಲವೇ ಇಲ್ಲ. ಅವರಿಗೆ ಇಲ್ಲಿ ಕೂತರೆ ಮೂವರೂ ಬಂದಿರುತ್ತಿದ್ದರು. ಕಣ್ಣು ಮುಚ್ಚಿ ಅಲ್ಲೇ ಇದ್ದೆ. ಹಿಂದೆ ಯಾರೋ ಏನೋ ಅಂದರು. ಎಡಕ್ಕೋ ಬಲಕ್ಕೋ ಒಂದೂ ತಿಳಿಯಲಿಲ್ಲ. ಧಡಕ್ಕನೆ ಎದ್ದು ಗೋಡೆಗೆ ಆತು ನಿಂತುಬಿಟ್ಟೆ.

ಕಾಫಿ ಲೋಟ ಹಿಡಿದುಕೊಂಡು ಮಗಳು ನಿಂತಿದ್ದಳು. "ಯಾಕ್ಸಾ, ಏನಾಯ್ತು?"

'ಏನಿಲ್ಲ' ಎನ್ನಲು ಬಾಯಿ ತೆರೆದೆ. ಆ ಮಾತನ್ನು ಈ ಮನೆಯಲ್ಲಿ ಒಂದು ಸಲ ಹೇಳಿ ಆಗಿತ್ತು.

"ಹೆದರಿಕೊಂಡೆ ಕಣಮ್ಮಾ" ಎಂದೆ. "ನೀನು ಯಾವ ಕಡೆಯಿಂದ ಬಂದೆ ಅಂತ ಗೊತ್ತಾಗಲಿಲ್ಲ."